ಸಂಶೋಧನಾ ಅನುದಾನದ ಅರ್ಜಿ ಬರೆಯಲು ಎನ್‌ಐಎಐಡಿಯ ಉಚಿತ ಮಾದರಿಗಳು: ಒಂದು ವಿಮರ್ಶೆ

ವೈದ್ಯಕೀಯ ಸಂಶೋಧನೆಗೆ ಹಣ ಕೇಳಿ ಅರ್ಜಿ ಬರೆಯಲು ಹೊರಟ ಯುವ ಅಧ್ಯಾಪಕರಲ್ಲಿ ಹೆಚ್ಚಿನವರು ಅನುದಾನ ಗೆದ್ದ ಪ್ರಸ್ತಾವನೆಯೊಂದನ್ನು ಕಣ್ಣಾರೆ ಕಂಡಿರುವುದಿಲ್ಲ. ಹಿರಿಯರ ಕಡತಗಳು ಕಪಾಟಿನಿಂದ ಸುಲಭವಾಗಿ ಹೊರಬರುವುದೂ ಇಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ, ಅಂದರೆ ಎನ್‌ಐಎಚ್‌ನ, ಅಂಗವಾದ, ಅಲರ್ಜಿ ಮತ್ತು ಸಾಂಕ್ರಾಮಿಕ ರೋಗಗಳ ಸಂಶೋಧನೆಯನ್ನು ನೋಡಿಕೊಳ್ಳುವ ಎನ್‌ಐಎಐಡಿಯು ಅರ್ಜಿದಾರರ ಒಪ್ಪಿಗೆ ಪಡೆದು ತನ್ನ ಜಾಲತಾಣದಲ್ಲಿ ಇರಿಸಿರುವ ಮಾದರಿ ಅರ್ಜಿಗಳು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸುತ್ತವೆ. ಇವುಗಳನ್ನು ಓದಲು ಶುಲ್ಕವಿಲ್ಲ, ನೋಂದಣಿಯೂ ಬೇಕಿಲ್ಲ.

ಅರ್ಜಿಗಳಿಗಿಂತ ಅವುಗಳ ಜೊತೆಗಿರುವ ಪರಿಶೀಲಕರ ವರದಿಗಳೇ ಹೆಚ್ಚು ಬೆಲೆಯುಳ್ಳವು ಎಂಬುದು ನನ್ನ ಅಭಿಪ್ರಾಯ. ಚೆನ್ನಾಗಿ ಬರೆದ ಅರ್ಜಿಯನ್ನು ಓದುವಾಗ ಎಲ್ಲವೂ ಸಹಜವೆಂದೇ ತೋರುತ್ತದೆ; ಅದೇ ಅರ್ಜಿಯಲ್ಲಿ ಒಬ್ಬ ಪರಿಶೀಲಕರು ಅಧ್ಯಯನಕ್ಕೆ ಎಷ್ಟು ಸ್ಯಾಂಪಲ್‌ಗಳು ಬೇಕೆಂಬ ಲೆಕ್ಕಾಚಾರವನ್ನು ಪ್ರಶ್ನಿಸಿ, ಇನ್ನೊಬ್ಬರು ಎರಡನೆಯ ಉದ್ದೇಶವು ಮೊದಲನೆಯದರ ಯಶಸ್ಸನ್ನೇ ಅವಲಂಬಿಸಿದೆಯೆಂದು ಆಕ್ಷೇಪಿಸಿದಾಗ ಮಾತ್ರ ಪ್ರಸ್ತಾವನೆಯ ಕೀಲುಗಳು ಎಲ್ಲಿವೆಯೆಂಬುದು ಓದುಗರಿಗೆ ಕಾಣುತ್ತದೆ. ಎನ್‌ಐಎಚ್ ಪದ್ಧತಿಯಲ್ಲಿ 1 ಅತ್ಯುತ್ತಮ ಅಂಕ, 9 ಅತಿ ಕಳಪೆ. ಪರಿಶೀಲನಾ ಸಮಿತಿಯ ಸದಸ್ಯರು ಕೊಟ್ಟ ಒಟ್ಟಾರೆ ಅಂಕಗಳ ಸರಾಸರಿಯನ್ನು ಹತ್ತರಿಂದ ಗುಣಿಸಿದಾಗ 10ರಿಂದ 90ರವರೆಗಿನ ಅಂತಿಮ ಅಂಕ ಸಿಗುತ್ತದೆ. ಆದ್ದರಿಂದ ಮೊದಲು ಅರ್ಜಿಯನ್ನು ಮಾತ್ರ ಓದಿ, ಅದಕ್ಕೆ ನಾವೇ ಅಂಕವನ್ನೂ ಆಕ್ಷೇಪಗಳನ್ನೂ ಬರೆದಿಟ್ಟು, ಆಮೇಲೆ ವರದಿಯನ್ನು ತೆರೆದು ಹೋಲಿಸಿ ನೋಡುವುದು ಉತ್ತಮ ಅಭ್ಯಾಸ. ದುಬಾರಿ ಶುಲ್ಕದ ಕಾರ್ಯಾಗಾರಗಳಲ್ಲಿಯೂ ಇಂತಹ ತಾಲೀಮು ಅಪರೂಪ.

ಎನ್‌ಐಎಚ್‌ನ ಪ್ರಮುಖ ಸಂಶೋಧನಾ ಅನುದಾನವಾದ ಆರ್‌01ರ ಅರ್ಜಿಯಲ್ಲಿ ಸಂಶೋಧನಾ ಕಾರ್ಯತಂತ್ರಕ್ಕೆ 12 ಪುಟಗಳ ಮಿತಿಯಿದ್ದರೆ, ನಿರ್ದಿಷ್ಟ ಉದ್ದೇಶಗಳನ್ನು ಒಂದೇ ಪುಟದಲ್ಲಿ ಹೇಳಿ ಮುಗಿಸಬೇಕು. ಆ ಒಂದು ಪುಟವನ್ನು ಹಲವು ಮಾದರಿಗಳಲ್ಲಿ ಅಕ್ಕಪಕ್ಕ ಇಟ್ಟು ಓದುವುದು ಒಳ್ಳೆಯದು. ರೋಗದ ಹೊರೆಯನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳಿ, ಈವರೆಗೆ ತಿಳಿಯದೆ ಉಳಿದಿರುವುದೇನೆಂದು ಗುರುತಿಸಿ, ಪರೀಕ್ಷಿಸಬಹುದಾದ ಊಹೆಯೊಂದನ್ನು ಮುಂದಿಟ್ಟು, ಅದನ್ನು ಪರೀಕ್ಷಿಸುವ ಎರಡು ಅಥವಾ ಮೂರು ಉದ್ದೇಶಗಳಿಗೆ ಬರುವ ಕ್ರಮವು ಅವುಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ನಮ್ಮಲ್ಲಿ ಬರೆಯುವ ಪ್ರಸ್ತಾವನೆಗಳು ಮಧುಮೇಹದ ವ್ಯಾಪಕತೆಯ ಬಗ್ಗೆ ಪುಟಗಟ್ಟಲೆ ಹೇಳಿ, ಪ್ರಶ್ನೆಗೆ ಬರುವ ಹೊತ್ತಿಗೆ ದಣಿದುಹೋಗುವುದುಂಟು.

ಕೊರತೆಗಳೂ ಇವೆ. ಗೆದ್ದವರ ಅರ್ಜಿಗಳನ್ನಷ್ಟೇ ಓದಿದರೆ ಸೋಲುವ ಅರ್ಜಿ ಹೇಗಿರುತ್ತದೆಂಬುದು ತಿಳಿಯುವುದಿಲ್ಲ. ಎನ್‌ಐಎಚ್‌ಗೆ ಬರುವ ಅರ್ಜಿಗಳಲ್ಲಿ ದೊಡ್ಡ ಪಾಲು ಸಮಿತಿಯ ಚರ್ಚೆಗೇ ಬರುವುದಿಲ್ಲವಾದ್ದರಿಂದ ಇದು ಸಣ್ಣ ಕೊರತೆಯಲ್ಲ. ಹಳೆಯ ಮಾದರಿಗಳ ವರದಿಗಳು ಐದು ಮಾನದಂಡಗಳಿಗೆ ಪ್ರತ್ಯೇಕ ಅಂಕ ಕೊಡುತ್ತಿದ್ದ ಕಾಲದವು. 2025ರ ಜನವರಿ 25 ಅಥವಾ ಆ ನಂತರದ ಗಡುವಿನ ಬಹುಪಾಲು ಸಂಶೋಧನಾ ಅನುದಾನಗಳಲ್ಲಿ ಅವುಗಳನ್ನು ಮೂರು ಅಂಶಗಳಾಗಿ ಮರುಜೋಡಿಸಲಾಗಿದ್ದು, ಸಂಶೋಧಕರ ಪರಿಣತಿ ಮತ್ತು ಸಂಸ್ಥೆಯ ಸೌಲಭ್ಯಗಳಿಗೆ ಈಗ ಅಂಕವಿಲ್ಲ, ಅವು ಸಾಕಷ್ಟಿವೆಯೇ ಎಂಬ ನಿರ್ಣಯ ಮಾತ್ರ ಇರುತ್ತದೆ. ಹೆಸರುವಾಸಿ ಸಂಸ್ಥೆಗಳಿಗೆ ಸಿಗುತ್ತಿದ್ದ ಅನುಕೂಲವನ್ನು ತಗ್ಗಿಸುವುದು ಈ ಬದಲಾವಣೆಯ ಒಂದು ಆಶಯ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ, ಅಂದರೆ ಐಸಿಎಂಆರ್‌ಗೆ, ಅರ್ಜಿ ಹಾಕುವವರು ಈ ಮಾದರಿಗಳಿಂದ ವಾದ ಕಟ್ಟುವ ಬಗೆಯನ್ನು ಕಲಿಯಬಹುದೇ ಹೊರತು ನಮೂನೆಯನ್ನಲ್ಲ. ನಮ್ಮ ಸಾಂಸ್ಥಿಕ ನೈತಿಕ ಸಮಿತಿಯ ಕಾಗದಪತ್ರಗಳು, ಕ್ಲಿನಿಕಲ್ ಪ್ರಯೋಗಗಳಿಗೆ ಕಡ್ಡಾಯವಾದ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ದಾಖಲೆ) ನೋಂದಣಿ, ರೂಪಾಯಿ ಲೆಕ್ಕದಲ್ಲಿ ಸಿಬ್ಬಂದಿ, ಉಪಕರಣ ಮತ್ತು ಸಾದಿಲ್ವಾರು ವೆಚ್ಚಗಳನ್ನು ಸಮರ್ಥಿಸುವ ರೀತಿ ಇವ್ಯಾವುವೂ ಅಲ್ಲಿ ಸಿಗುವುದಿಲ್ಲ. ಇವುಗಳಿಗೆ ಐಸಿಎಂಆರ್‌ನ ಪ್ರಕಟಣೆಯನ್ನು ಸಾಲುಸಾಲಾಗಿ ಓದಬೇಕು, ಮತ್ತು ಕಾಲೇಜಿನ ಲೆಕ್ಕಪತ್ರ ವಿಭಾಗದವರನ್ನು ಗಡುವಿಗೆ ಮುಂಚೆಯೇ ಕಂಡು ಮಾತನಾಡಬೇಕು.