ಪಠ್ಯದ ಇಂಗ್ಲಿಷಾ, ಕೆಲಸದ ಇಂಗ್ಲಿಷಾ?

ಮಲ್ಪೆ ಕಡೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಿರಿಯಡ್. ಹಿಂದಿನ ಬೆಂಚು ಪೂರ್ತಿ ಕಿಟಕಿಯಾಚೆ ನೋಡುತ್ತಿದೆ. ಏನು ಕಲಿಸುತ್ತೀರಿ?

ಪಠ್ಯಪುಸ್ತಕ ಹಿಡಿದರೆ ತಯಾರಿ ಕಡಿಮೆ, ಎಸ್ಸೆಸ್ಸೆಲ್ಸಿ ಅಂಕಕ್ಕೂ ದಾರಿ, ಮನೆಯವರ ತಕರಾರೂ ಇಲ್ಲ. ಆದರೆ ಪದ್ಯದ ಸಾರಾಂಶ ಬಾಯಿಪಾಠ ಮಾಡಿದ ಹುಡುಗ ಫೋನಿನಲ್ಲಿ ಎರಡು ಮಾತಿಗೆ ತಡವರಿಸುತ್ತಾನೆ.

ಕೆಲಸದ ಇಂಗ್ಲಿಷ್ ಶುರುವಾಗುವುದೇ ಬೇರೆ ಕಡೆಯಿಂದ: ಇವನು ಎಲ್ಲಿ, ಯಾರ ಜೊತೆ, ಏನು ಮಾತಾಡಬೇಕು? 1960ರ ದಶಕದಿಂದ ಬೆಳೆದು ಬಂದ ಪದ್ಧತಿ ಇದು. ಹಡಗಿನ ಇಂಗ್ಲಿಷನ್ನೇ ನೋಡಿ. ಹಡಗಿನವರಿಗೆಂದೇ ಗೊತ್ತುಮಾಡಿದ ಮಾತುಗಳನ್ನು ಅಂತರರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಒಪ್ಪಿಕೊಂಡಿತು. 'ಸ್ಟಾರ್‌ಬೋರ್ಡ್ ಟೆನ್' ಅಂದರೆ ಚುಕ್ಕಾಣಿಯನ್ನು ಬಲಕ್ಕೆ ಹತ್ತು ಡಿಗ್ರಿ ತಿರುಗಿಸು ಅಂತ. ಚುಕ್ಕಾಣಿ ಹಿಡಿದವನು ಅದನ್ನೇ ತಿರುಗಿ ಹೇಳಬೇಕು. ಬೆಂಚುಗಳನ್ನೇ ಹಡಗು ಮಾಡಿ ಆಡಿಸಿ. ಗಲಾಟೆ ಆಗುತ್ತದೆ, ಆಗಲಿ.

ತಯಾರಿ ಮಾತ್ರ ಜಾಸ್ತಿ, ಹಾಳೆಗಳನ್ನು ನೀವೇ ಬರೆಯಬೇಕು. ಇನ್ನೊಂದು ತೊಡಕೂ ಇದೆ. ಹದಿನಾಲ್ಕು ವರ್ಷಕ್ಕೆ ಮುಂದೇನು ಅಂತ ಗೊತ್ತಿರುವುದಿಲ್ಲ, ಅಲ್ವಾ? ಮೀನುಗಾರರ ಮಗನಿಗೆ ಬೋಟೇ ಬೇಡ ಅನಿಸಿರಬಹುದು. ನೀವೇ ಊಹಿಸಬೇಡಿ, ಸುಮ್ನೆ ಕೇಳಿ. ಮಣಿಪಾಲದ ಆಸ್ಪತ್ರೆ ಕೌಂಟರ್, ಕೃಷ್ಣ ಮಠದ ರಥಬೀದಿಯಲ್ಲಿ ದಾರಿ ಕೇಳುವ ಪ್ರವಾಸಿ, ಸೇಂಟ್ ಮೇರೀಸ್ ದ್ವೀಪದ ಬೋಟ್ ಟಿಕೆಟ್, ಎಲ್ಲದರ ಮಾತೂ ಸ್ವಲ್ಪ ಸ್ವಲ್ಪ ಇರಲಿ.

ನನ್ನನ್ನು ಕೇಳಿದರೆ, ಎಂಟು ಮತ್ತು ಒಂಬತ್ತನೇ ಕ್ಲಾಸಿನಲ್ಲಿ ವಾರಕ್ಕೆ ಎರಡು ಪಿರಿಯಡ್ ಕೆಲಸದ ಇಂಗ್ಲಿಷಿಗೆ ಕೊಡಿ. ಹತ್ತರಲ್ಲಿ ಬೇಡ, ಅಲ್ಲಿ ಪರೀಕ್ಷೆಯೇ ಯಜಮಾನ.