10 ದಿನಗಳ ವಿಪಶ್ಯನಾ ಶಿಬಿರ: ಒಂದು ವಿಮರ್ಶೆ

ಧ್ಯಾನ ಗುರು ಎಸ್. ಎನ್. ಗೋಯೆಂಕಾ ಅವರು 1969ರಲ್ಲಿ ಭಾರತದಲ್ಲಿ ಕಲಿಸಲಾರಂಭಿಸಿದ, ಈಗ ಹಲವು ದೇಶಗಳಲ್ಲಿ ನಡೆಯುವ ಈ ಧ್ಯಾನ ಶಿಬಿರಕ್ಕೆ ಶುಲ್ಕವಿಲ್ಲ. ಹಿಂದೆ ಕಲಿತವರ ದಾನದಿಂದಲೇ ಅದು ನಡೆಯುತ್ತದೆ. ಮನಶ್ಶಾಂತಿಯ ಹೆಸರಿನಲ್ಲಿ ವ್ಯಾಪಾರವೇ ಬೆಳೆದಿರುವಾಗ ಈ ನಿಯಮವನ್ನು ನಾನು ಬಹಳ ಗೌರವಿಸುತ್ತೇನೆ.

ಬೆಳಗಿನ 4ಕ್ಕೆ ಗಂಟೆ ಬಾರಿಸುತ್ತದೆ. ಮೊದಲ ಮೂರು ದಿನ ಉಸಿರನ್ನು ಗಮನಿಸುವುದು, ನಾಲ್ಕನೆಯ ದಿನದಿಂದ ದೇಹದ ಸಂವೇದನೆಗಳನ್ನು ನೆತ್ತಿಯಿಂದ ಪಾದದವರೆಗೆ ಕ್ರಮವಾಗಿ ನೋಡುವುದು, ಇಷ್ಟೇ ಪಾಠ. ಆದರೆ ಒಂದು ಗಂಟೆ ಕದಲದೆ ಕುಳಿತಾಗ ಮಂಡಿಯ ನೋವು ಉರಿಯಾಗಿ, ಉರಿ ಸಿಡುಕಾಗಿ, ಸಿಡುಕು ಯಾವುದೋ ಹಳೆಯ ಜಗಳದ ನೆನಪಾಗಿ ಬೆಳೆಯುವುದನ್ನು ಕಣ್ಣಾರೆ ಕಂಡಂತೆ ಕಾಣುತ್ತೇವೆ; ಕಾಲು ಚಾಚದೆ ಸುಮ್ಮನೆ ನೋಡುತ್ತಿದ್ದರೆ ಅದೇ ನೋವು ಬದಲಾಗುತ್ತದೆ, ಕೆಲವೊಮ್ಮೆ ಕರಗಿಯೂ ಹೋಗುತ್ತದೆ. ಹೊರಗಿನ ಸದ್ದು ಅಡಗಿದ ಮಾತ್ರಕ್ಕೆ ಶಾಂತಿ ಬರುವುದಿಲ್ಲ, ನೋವಿಗೂ ನಮ್ಮ ಪ್ರತಿಕ್ರಿಯೆಗೂ ನಡುವೆ ಬಿಡುವು ದೊರೆತಾಗ ಬರುತ್ತದೆ ಎಂಬುದನ್ನು ಇಷ್ಟು ನೇರವಾಗಿ ಕಲಿಸುವ ಬೇರೆ ಕ್ರಮವನ್ನು ನಾನು ಕಂಡಿಲ್ಲ.

ಸಂಜೆಯ ಪ್ರವಚನಗಳು ಸರಳವಾಗಿವೆ, ಕೆಲವೆಡೆ ಪುನರುಕ್ತಿಯಿದೆ. ಮೊದಲಿನಿಂದ ಪಾಲಿಸಿದ ಮೌನ ಹತ್ತನೆಯ ದಿನ ಮುಗಿದು, ಎಲ್ಲರ ಒಳಿತನ್ನು ಹಾರೈಸುವ ಮೈತ್ರಿ ಧ್ಯಾನ ಆರಂಭವಾಗುವುದು ನನಗೆ ಅತ್ಯಂತ ಅರ್ಥಪೂರ್ಣವೆನಿಸಿತು, ಏಕೆಂದರೆ ಇತರರ ಹಿತವನ್ನು ಬಯಸದ ನೆಮ್ಮದಿ ಅರೆಬರೆಯದು.

ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಈ ಶಿಬಿರ ತಕ್ಕದ್ದಲ್ಲ. ಅರ್ಜಿಯಲ್ಲಿ ಆರೋಗ್ಯದ ವಿವರ ಕೇಳಿದಾಗ ಮುಚ್ಚಿಡಬಾರದು. ಶಿಬಿರದ ನಂತರ ದಿನಕ್ಕೆರಡು ಬಾರಿ ಒಂದೊಂದು ಗಂಟೆ ಕೂರಬೇಕೆಂಬ ಸಲಹೆಯಿದೆ. ಸಂಸಾರ, ದುಡಿಮೆಗಳ ನಡುವೆ ಅದು ಕಷ್ಟವೇ, ಆದರೂ ಬೆಳಗಿನ ಒಂದು ಗಂಟೆಯನ್ನಾದರೂ ಉಳಿಸಿಕೊಳ್ಳಲು ಸಾಧ್ಯವಿರುವವರು ಹೆಸರು ನೋಂದಾಯಿಸಲಿ.