ಟಿಐ-89 ಟೈಟೇನಿಯಂ: ಯೂನಿಟ್ ಸಮೇತ ಲೆಕ್ಕ ಮಾಡೋ ಮಷೀನ್, ಎಂಟು ತಿಂಗಳ ಬಳಸಿದ ಮ್ಯಾಲ

ನಾ ಕಲಬುರಗಿದಾಗ ಡಿಗ್ರಿ ಹುಡುಗುರಿಗೆ ಫಿಸಿಕ್ಸ್ ಟ್ಯೂಷನ್ ಹೇಳ್ತೀನ್ರಿ. ಆನ್‌ಲೈನ್‌ದಾಗ ಸೆಕೆಂಡ್ ಹ್ಯಾಂಡ್ ಟಿಐ-89 ಟೈಟೇನಿಯಂ (ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿದು ಗ್ರಾಫ್ ತೆಗಿಯೋ ಕ್ಯಾಲ್ಕುಲೇಟರ್) ತಗೊಂಡು ಎಂಟು ತಿಂಗಳಾತು. 2004ರಾಗ ಬಂದ ಮಾಡಲ್, ಈಗ ತಯಾರಾಗಂಗಿಲ್ಲ, ಬ್ಯಾಕ್‌ಲೈಟ್ ಇಲ್ಲ, ನಾಲ್ಕು ಟ್ರಿಪಲ್ ಎ ಸೆಲ್ ಬೇಕು. ಗ್ರಾಫ್ ಬಗ್ಗೆ ಬರಿಯಂಗಿಲ್ಲ, ಅದು ಮೊಬೈಲ್‌ದಾಗೂ ಚಂದ ಬರ್ತದ. ನಾ ತಗೊಂಡಿದ್ದು ಯೂನಿಟ್ ಸಲುವಾಗಿ.

ನಮ್ ಹುಡುಗುರಿಗೆ ಫಾರ್ಮುಲಾ ಬರ್ತದ, ತಪ್ಪೋದು ಯೂನಿಟ್‌ನಾಗ. ಸೆಂಟಿಮೀಟರ್ ಇದ್ದಿದ್ದು ಹಂಗೇ ಹಾಕ್ತಾರ, ಸಾದಾ ಕ್ಯಾಲ್ಕುಲೇಟರ್ ನಂಬರ್ ಕೊಟ್ಟು ಸುಮ್ನಾಗ್ತದ. ಇದರಾಗ ನಂಬರ್ ಆದ ಮ್ಯಾಲ ಅಂಡರ್‌ಸ್ಕೋರ್ (_) ಹಾಕಿ ಯೂನಿಟ್ ಬರೀಬೇಕು (ಡೈಮಂಡ್ ಕೀ ಒತ್ತಿ ಮೋಡ್ ಕೀ), ನೆನಪಿಲ್ಲಂದ್ರ "2nd" ಅನ್ನೋ ಕೀ ಒತ್ತಿ 3 ಒತ್ತಿದ್ರ ಪೂರಾ ಮೆನು ಬರ್ತದ. ಆಮ್ಯಾಲ ಲೆಕ್ಕದ ಜೊತಿಗಿ ಯೂನಿಟೂ ಸಾಗ್ತದ.

ಒಂದು ಉದಾಹರಣಿ ಹೇಳ್ತೀನಿ. ನಮ್ ಕಾಕಾ ಆಳಂದ ಕಡಿ ಹೊಲದಾಗ ಬೋರಿಗೆ 5 ಎಚ್‌ಪಿ ಮೋಟರ್ ಕೂಡ್ಸೋರಿದ್ರು, 60 ಮೀಟರ್ ಮ್ಯಾಲ ನೀರು ಎತ್ತಬೇಕು, "ನಿಮಿಷಕ್ಕ ಎಷ್ಟು ಬೀಳ್ತದ ನೋಡಿ ಹೇಳಪಾ" ಅಂದ್ರು. ನಾ ಅವಸರದಾಗ 5 ಎಚ್‌ಪಿನ 60 ಮೀಟರ್‌ಲೆ ಭಾಗಿಸಿ ಕೆಜಿ ಪರ್ ಸೆಕೆಂಡ್‌ಗೆ ಕನ್ವರ್ಟ್ ಮಾಡು ಅಂದೆ, ಯೂನಿಟ್ ಹೊಂದಂಗಿಲ್ಲ ಅಂತ ಎರರ್ ಬಂತು. ನೋಡಿದ್ರ ಗುರುತ್ವದ ಜಿ ಹಾಕೋದೇ ಬಿಟ್ಟಿದ್ದೆ! ಅದೂ ಒಳಗೇ ಅದ, ಅಂಡರ್‌ಸ್ಕೋರ್ ಜಿ ಅಂದ್ರ 9.80665. ಹಾಕಿದ ಮ್ಯಾಲ ಸೆಕೆಂಡಿಗೆ 6.34 ಕೆಜಿ, ಅಂದ್ರ ನಿಮಿಷಕ್ಕ 380 ಲೀಟರ್ ಬಂತು, ಮೋಟರ್ ಪಂಪ್ ಕೂಡಿ ಅರ್ಧ ಶಕ್ತಿನೇ ಕೆಲಸಕ್ಕ ಬರ್ತದ ಅಂತ ಹಿಡಿದ್ರ 190. ನನಗಂತೂ ಆ ಒಂದು ಎರರ್‌ಗೇ ರೊಕ್ಕ ವಸೂಲಾತು.

ಬ್ರಾಕೆಟ್ ಮಾತ್ರ ಮರೀಬ್ಯಾಡ್ರಿ. 100 ಮೀಟರ್ ಭಾಗಿಸು 5 ಸೆಕೆಂಡ್ ಅಂತ ಬ್ರಾಕೆಟ್ ಇಲ್ದ ಬರದ್ರ 20 ಮೀಟರ್ ಗುಣಿಸು ಸೆಕೆಂಡ್ ಅಂತ ಬರ್ತದ, ಯಾಕಂದ್ರ 5ಕ್ಕ ಮೊದಲು ಭಾಗಿಸಿ ಆಮ್ಯಾಲ ಸೆಕೆಂಡಿಗೆ ಗುಣಿಸ್ತದ. ಎರಡನ್ನೂ ಬ್ಯಾರೆ ಬ್ಯಾರೆ ಬ್ರಾಕೆಟ್‌ನಾಗ ಇಟ್ರ ಸರಿ. ಟೆಂಪರೇಚರಿಗೆ ಮಾತ್ರ ಕನ್ವರ್ಟ್ ಮಾಡೋ ಬಾಣದ ಗುರುತು (▶) ನಡಿಯಂಗಿಲ್ಲ, ಅದಕ್ಕ ಬ್ಯಾರೆ ಫಂಕ್ಷನ್ ಅದ. ನಮ್ ಮೇ ತಿಂಗಳ 42 ಡಿಗ್ರಿ ಹಾಕಿದ್ರ 107.6 ಫ್ಯಾರನ್‌ಹೀಟ್ ಕೊಡ್ತದ, ಆದ್ರ 10 ಡಿಗ್ರಿ "ಫರಕ್" ಅಂದ್ರ 18 ಫ್ಯಾರನ್‌ಹೀಟ್ ಆಗ್ಬೇಕು, ಅದಕ್ಕ ಇನ್ನೊಂದು ಫಂಕ್ಷನ್. ಇವೆರಡರ ನಡುವಿನ ವ್ಯತ್ಯಾಸ ಹುಡುಗುರಿಗೆ ತಿಳಿಸ್ಲಿಕ್ಕೆ ಇದಕ್ಕಿಂತ ಚಲೋ ದಾರಿ ನನಗ ಸಿಕ್ಕಿಲ್ಲ.

ನನಗ ಭಾಳ ಹಿಡ್ಸಿದ್ದು ನಮ್ಮದೇ ಯೂನಿಟ್ ಮಾಡ್ಕೋಬಹುದು ಅನ್ನೋದು. ಎಕರೆ ಅದ, ಗುಂಟೆ ಎಲ್ಲಿಂದ ಇರ್ಬೇಕು? ಎಕರೆನ 40ಲೆ ಭಾಗಿಸಿ ಅಂಡರ್‌ಸ್ಕೋರ್ ಗುಂಟಾ ಅಂತ ಸ್ಟೋರ್ ಮಾಡ್ದೆ. ಪಹಣಿದಾಗಿನ 3 ಎಕರೆ 17 ಗುಂಟೆ ಹಂಗೇ ಹೊಡದ್ರ 13,860 ಚದರ ಮೀಟರ್ ಚಿಲ್ಲರೆ ಅಂತ ಬರ್ತದ.

ಕಾನ್‌ಸ್ಟಂಟ್‌ಗಳು (ಫಿಸಿಕ್ಸ್‌ನ ಸ್ಥಿರ ಸಂಖ್ಯೆಗಳು) ಬೆಳಕಿನ ವೇಗ, ಪ್ಲ್ಯಾಂಕ್, ಬೋಲ್ಟ್ಸ್‌ಮನ್, ಅವೊಗಾಡ್ರೊ, ಎಲೆಕ್ಟ್ರಾನ್ ತೂಕ ಎಲ್ಲಾ ಯೂನಿಟ್ ಸಮೇತ ಅವ. ಹಸಿರು ಲೇಸರ್‌ನ ತರಂಗಾಂತರ 5320 ಆಂಗ್‌ಸ್ಟ್ರಾಮ್ ಹಾಕಿ, ಪ್ಲ್ಯಾಂಕ್ ಗುಣಿಸು ಬೆಳಕಿನ ವೇಗ ಭಾಗಿಸು ಅದು, ಎಲೆಕ್ಟ್ರಾನ್ ವೋಲ್ಟ್‌ಗೆ ತಿರುವಿದ್ರ ಒಂದು ಫೋಟಾನಿನ ಶಕ್ತಿ 2.33, ಒಂದೇ ಸಾಲಿನಾಗ. ಆದ್ರ ಈ ಕಾನ್‌ಸ್ಟಂಟ್‌ಗಳು ಹಳೇ ಅಂಕಿಗಳು. 2019ರ ಮೇ 20ರಿಂದ ಪ್ಲ್ಯಾಂಕ್ ಕಾನ್‌ಸ್ಟಂಟ್ 6.62607015 ಗುಣಿಸು 10ರ ಘಾತ -34 ಅಂತ ಪಕ್ಕಾ ಮಾಡ್ಯಾರ, ಇದರಾಗ ಕೊನೀ ಅಂಕಿಗಳು ಬ್ಯಾರೆ ಇರ್ತಾವ. ಕ್ಲಾಸಿನ ಲೆಕ್ಕಕ್ಕ ಏನೂ ಫರಕ್ ಬೀಳಂಗಿಲ್ಲ.

ಪರೀಕ್ಷಾಕ್ಕ ಅಂತ ಮಾತ್ರ ತಗೋಬ್ಯಾಡ್ರಿ. ಗೇಟ್ (GATE, ಎಂಜಿನಿಯರಿಂಗ್ ಪಿಜಿ ಪ್ರವೇಶ) ಪರೀಕ್ಷಾದಾಗ ಸ್ಕ್ರೀನ್ ಮ್ಯಾಲಿನ ಕ್ಯಾಲ್ಕುಲೇಟರೇ ಬಳಸ್ಬೇಕು, ಬ್ಯಾರೆ ಕಡಿ ನಿಮ್ಮ ಕಾಲೇಜಿನವರ್ನ ಮೊದಲೇ ಕೇಳ್ರಿ. ಮನ್ಯಾಗ ಕಲಿಲಿಕ್ಕೆ, ಕಲಿಸ್ಲಿಕ್ಕೆ ಇದು.

ಹಳೇದು ತಗೊಂಡ್ರ ಸೆಲ್ ಜೊತಿಗಿ ಒಳಗಿನ ಬಟನ್ ಸೆಲ್ಲೂ ಹೊಸದು ಹಾಕ್ರಿ. ನಂದರಾಗ ಅದು ಸತ್ತಿತ್ತು, ಟ್ರಿಪಲ್ ಎ ಬದಲಿ ಮಾಡೋ ಹೊತ್ತಿಗೆ ನಾ ಮಾಡಿದ್ದ ಗುಂಟೆ ಅಳಿಸಿಹೋತು, ಮತ್ತ ಹಾಕ್ಕೊಂಡೆ.